ಡಾಕ್ಟರ ಕೈಗುಣ ಅಳೆಯುವುದು ಹೇಗೆ?

ಕೊತ್ತತ್ತಿ ಹೋಬಳಿಯ ಯಾವ ಊರಿನ ಜಗಲಿಯ ಮೇಲೆ ಕುಳಿತರೂ ಈ ಮಾತು ಕಿವಿಗೆ ಬೀಳುತ್ತದೆ: “ಆ ಡಾಕ್ಟರ ಕೈಗುಣ ಚೆನ್ನಾಗದೆ ಕಣಣ್ಣ, ಒಂದೇ ಸೂಜಿಗೆ ಜ್ವರ ಬಿಟ್ಟೋಯ್ತು.” ಪಕ್ಕದವರು, “ಇನ್ನೊಬ್ರು ಅವ್ರೆ, ಬರೀ ಪ್ರಶ್ನೆ ಕೇಳ್ತಾರೆ, ಸೂಜಿ ಹಾಕೋದೇ ಇಲ್ಲ” ಎನ್ನುತ್ತಾರೆ. ಮೊದಲನೆಯವರ ಷಾಪಿನ ಮುಂದೆ ಕಾಲಿಡಲು ಜಾಗವಿಲ್ಲ. ಎರಡನೆಯವರ ಬೆಂಚು ಖಾಲಿ. ರೈತ ಬಾಂಧವರೇ, ಈ ಎರಡು ಮಾತುಗಳನ್ನೂ ಸ್ವಲ್ಪ ತೂಗಿ ನೋಡೋಣ.

ಕಬ್ಬು ಚೆನ್ನಾಗಿ ಬಂದ ಮಾತ್ರಕ್ಕೆ ಒಬ್ಬನನ್ನು ಒಳ್ಳೆಯ ಬೇಸಾಯಗಾರನೆಂದು ನಾವು ಒಪ್ಪುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ತಪ್ಪದೆ ಬಂದ ವರ್ಷ ಸೋಮಾರಿಯ ಗದ್ದೆಯೂ ಬೆಳೆಯುತ್ತದೆ. ಅವನ ಬಿತ್ತನೆ ಎಂಥದು, ಕಳೆ ಯಾವಾಗ ತೆಗೆಸಿದ, ಗೊಬ್ಬರ ಯಾವ ಹದದಲ್ಲಿ ಕೊಟ್ಟ ಎಂದು ನೋಡಿ ತೀರ್ಮಾನಿಸುತ್ತೇವೆ. ಡಾಕ್ಟರ ಕೆಲಸವನ್ನು ಅಳೆಯುವ ಕ್ರಮವೂ ಇದೇ. ಅಮೆರಿಕದ ಅವೆಡಿಸ್ ಡೊನಾಬೇಡಿಯನ್ ಎಂಬ ವೈದ್ಯರು 1966ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಚಿಕಿತ್ಸೆಯ ಗುಣವನ್ನು ಮೂರು ಕಡೆಯಿಂದ ನೋಡಬೇಕೆಂದರು: ಸ್ಥಳ ಮತ್ತು ಸಲಕರಣೆ, ಮಾಡುವ ಕೆಲಸ, ಕೊನೆಗೆ ಬಂದ ಫಲ. ಇದರಲ್ಲಿ ಫಲ ಒಂದನ್ನೇ ನೆಚ್ಚಿದರೆ ಮೋಸಹೋಗುತ್ತೇವೆ. ನೆಗಡಿ ಮತ್ತು ಸಾಮಾನ್ಯ ವೈರಸ್ ಜ್ವರಗಳು ಬಹುಮಟ್ಟಿಗೆ ಕೆಲವೇ ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಮೂರನೆಯ ದಿನ ಸೂಜಿ ಹಾಕಿಸಿ ನಾಲ್ಕನೆಯ ದಿನ ಜ್ವರ ಬಿಟ್ಟರೆ ಹೆಸರು ಬರುವುದು ಸೂಜಿಗೆ!

ಆದ್ದರಿಂದ ಮಾಡುವ ಕೆಲಸವನ್ನು ನೋಡಬೇಕು. ಅದಕ್ಕೆ ಓದು ಬೇಕಿಲ್ಲ, ಕಣ್ಣು ಕಿವಿ ಸಾಕು. ನೀವು ಬಾಯಿ ತೆರೆಯುವ ಮೊದಲೇ ಚೀಟಿ ಬರೆಯಲು ಆರಂಭವಾಯಿತೇ? ಎಷ್ಟು ದಿನದಿಂದ ನೋವು, ಮೊದಲು ಯಾವ ಮಾತ್ರೆ ನುಂಗಿದಿರಿ, ಸಕ್ಕರೆ ಕಾಯಿಲೆ ಇದೆಯೇ, ಯಾವುದಾದರೂ ಔಷಧಿ ಮೈಗೆ ಒಗ್ಗುವುದಿಲ್ಲವೇ ಎಂದು ಕೇಳಿದರೇ? ನಾಡಿ ಹಿಡಿದರೇ, ಎದೆಗೆ ಕೊಳವೆ ಇಟ್ಟರೇ, ರಕ್ತದೊತ್ತಡ ನೋಡಿದರೇ? 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತರಬೇತಿ ಕೊಟ್ಟ ಜನರನ್ನು ರೋಗಿಗಳಂತೆ ಮಧ್ಯಪ್ರದೇಶದ ಹಳ್ಳಿಗಳಿಗೂ ದೆಹಲಿಗೂ ಕಳುಹಿಸಿ ಪರೀಕ್ಷಿಸಿದರು. ಹಳ್ಳಿಗಳಲ್ಲಿ ಒಬ್ಬ ರೋಗಿಗೆ ಸಿಕ್ಕಿದ್ದು ಸರಾಸರಿ ಮೂರೂವರೆ ನಿಮಿಷ. ಕೇಳಲೇಬೇಕಾದ ಪ್ರಶ್ನೆ ಮತ್ತು ಮಾಡಲೇಬೇಕಾದ ತಪಾಸಣೆಗಳಲ್ಲಿ ನಡೆದದ್ದು ಸುಮಾರು ಮೂರರಲ್ಲಿ ಒಂದು ಪಾಲು. ಹೀಗಿರುವಲ್ಲಿ ಬರೀ ಪ್ರಶ್ನೆ ಕೇಳುವ ಡಾಕ್ಟರು ಸಿಕ್ಕುವುದು ನಮ್ಮ ಪುಣ್ಯವೆಂದೇ ಹೇಳಬೇಕು.

ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ನಮ್ಮ ದೊಡ್ಡಪ್ಪನವರು ಎದೆ ಉರಿ, ಎಡಭುಜದ ಸೆಳೆತವೆಂದು ಒಂದು ಷಾಪಿಗೆ ಹೋದರು. ಗ್ಯಾಸ್ ಎಂದು ಸೂಜಿ ಹಾಕಿ ಕಳುಹಿಸಿದರು. ಮಾರನೆಯ ದಿನವೂ ಅದೇ ಸೂಜಿ. ಬೆವರು ಬಂತೇ, ನಡೆದಾಗ ನೋವು ಹೆಚ್ಚುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಮೂರನೆಯ ದಿನ ಮಂಡ್ಯದಲ್ಲಿ ಇ.ಸಿ.ಜಿ. ತೆಗೆಸಿದಾಗ ಹೃದಯಾಘಾತವೆಂದು ತಿಳಿಯಿತು. ಜೀವ ಉಳಿಯಿತು; ಆದರೆ ಅಂದಿನಿಂದ ಅವರು ಗುದ್ದಲಿ ಹಿಡಿದಿಲ್ಲ. ತನ್ನಿಂದ ಆಗದ್ದನ್ನು ಒಪ್ಪಿಕೊಂಡು, “ಇಲ್ಲಿ ನಿಲ್ಲಬೇಡಿ, ಈಗಲೇ 108ಕ್ಕೆ ಫೋನ್ ಮಾಡಿ” ಎಂದು ಚೀಟಿ ಬರೆದು ಕಳುಹಿಸುವ ಡಾಕ್ಟರನ್ನು ಕೈಲಾಗದವರೆಂದು ಹಳಿಯಬೇಡಿರಿ. ಕೈಗುಣವೆಂಬುದು ಉಂಟಾದರೆ ಅದರಲ್ಲಿ ಅರ್ಧ ಇಲ್ಲೇ ಇದೆ.

ಗ್ಲೂಕೋಸಿನ ವಿಷಯವನ್ನೂ ಹೇಳಲೇಬೇಕು. ಸುಸ್ತೆಂದರೆ ಸಾಕು, “ಒಂದು ಬಾಟ್ಲಿ ಏರಿಸಿ ಸಾರ್” ಎಂದು ನಾವೇ ಕೇಳುತ್ತೇವೆ. ಶೇಕಡಾ 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಟೀ ಚಮಚ. ನಮ್ಮ ಒಂದು ಲೋಟ ಕಬ್ಬಿನ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸಕ್ಕರೆಯ ಜಿಲ್ಲೆಯವರಾದ ನಾವು ನೂರಾರು ರೂಪಾಯಿ ಕೊಟ್ಟು ಐದು ಚಮಚ ಸಕ್ಕರೆಯನ್ನು ರಕ್ತನಾಳಕ್ಕೆ ಹಾಕಿಸಿಕೊಳ್ಳುವುದು ವಿಚಿತ್ರವಲ್ಲವೇ? ಬಾಯಿಂದ ಏನೂ ಇಳಿಯದಿದ್ದಾಗ, ವಾಂತಿ ಭೇದಿಯಿಂದ ಮೈಯ ನೀರು ಬತ್ತಿದಾಗ ನಾಳದ ಮೂಲಕ ದ್ರವ ಕೊಡುವುದು ಪ್ರಾಣರಕ್ಷಕ ಚಿಕಿತ್ಸೆ, ಬರಿಯ ಆಯಾಸಕ್ಕಲ್ಲ. ಹಾಗೆಯೇ ಮಗುವಿಗೆ ಭೇದಿಯಾದಾಗ ಓ.ಆರ್.ಎಸ್. ಪುಡಿಯನ್ನೂ ಜಿಂಕ್ ಮಾತ್ರೆಯನ್ನೂ ಕೊಟ್ಟು, ಕುಡಿಸುವ ಕ್ರಮ ಹೇಳಿಕೊಟ್ಟವರು ಒಳ್ಳೆಯ ಡಾಕ್ಟರು.

ಸೂಜಿ ನಿಜವಾಗಿ ಬೇಕಾದರೆ, ಹೊಸ ಸಿರಿಂಜಿನ ಹೊದಿಕೆಯನ್ನು ನಿಮ್ಮ ಕಣ್ಣೆದುರಿಗೇ ಬಿಚ್ಚಬೇಕು. ನೋಡಲು ಸಂಕೋಚಪಡಬೇಡಿರಿ. 2018ರ ಆರಂಭದಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗಾರ್‌ಮವು ಸುತ್ತಿನಲ್ಲಿ ನಲವತ್ತಕ್ಕೂ ಹೆಚ್ಚು ಜನರಿಗೆ ಎಚ್.ಐ.ವಿ. ಸೋಂಕು ಪತ್ತೆಯಾಯಿತು. ಸೈಕಲ್ಲಿನಲ್ಲಿ ಊರೂರು ತಿರುಗುತ್ತಿದ್ದ ನಕಲಿ ಡಾಕ್ಟರೊಬ್ಬ ಒಂದೇ ಸೂಜಿಯನ್ನು ಹಲವರಿಗೆ ಚುಚ್ಚಿದ್ದೇ ಕಾರಣವೆಂದು ಅಲ್ಲಿನ ಆರೋಗ್ಯಾಧಿಕಾರಿಗಳು ಹೇಳಿದರು. ಅಗ್ಗದ ಚಿಕಿತ್ಸೆಗೆ ತೆತ್ತ ಬೆಲೆ ಅದು.

ಸಕ್ಕರೆ ಕಾಯಿಲೆಯವರು ಇನ್ನೊಂದು ಪರೀಕ್ಷೆ ಮಾಡಬಹುದು. ನಿಮ್ಮ ಡಾಕ್ಟರು ವರ್ಷಕ್ಕೆ ಒಮ್ಮೆಯಾದರೂ ನಿಮ್ಮ ಪಾದ ನೋಡಿದ್ದಾರೆಯೇ? ಬರಿಗಾಲಿನಲ್ಲಿ ಕೆಸರುಗದ್ದೆಗೆ ಇಳಿಯುವವರಿಗೆ ಕಾಲಿನ ಸ್ಪರ್ಶ ಹೋಗಿದ್ದರೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಆ ಸಣ್ಣ ಗಾಯವೇ ಬೆಳೆದು ಕಾಲು ತೆಗೆಯುವವರೆಗೆ ಹೋಗಬಹುದು.

ಇನ್ನು ಸ್ಥಳ ಮತ್ತು ದಾಖಲೆಯ ಮಾತು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಪ್ರತಿಯೊಂದು ಖಾಸಗಿ ಷಾಪೂ ನೋಂದಣಿಯಾಗಿರಬೇಕು, ದರದ ಪಟ್ಟಿಯನ್ನು ಕಾಣುವಂತೆ ಹಾಕಿರಬೇಕು. 2024ರಲ್ಲಿ ಆರೋಗ್ಯ ಇಲಾಖೆಯು ನೋಂದಣಿ ಸಂಖ್ಯೆಯನ್ನು ಫಲಕದಲ್ಲಿ ಬರೆಸಬೇಕು, ಅಲೋಪತಿಗೆ ತಿಳಿನೀಲಿ, ಆಯುರ್ವೇದಕ್ಕೆ ಹಸಿರು ಫಲಕ ಇರಬೇಕು ಎಂದು ಹೇಳಿತು. ಫಲಕವಿಲ್ಲದ ಕಡೆ ಏನು ನಡೆಯಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2023ರಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಹೆಣ್ಣುಭ್ರೂಣ ಹತ್ಯೆಯ ಪ್ರಕರಣದಲ್ಲಿ, ಸ್ಕ್ಯಾನಿಂಗ್ ಯಂತ್ರ ಇಟ್ಟಿದ್ದುದು ನಮ್ಮ ಮಂಡ್ಯದ ಬಳಿಯ ಒಂದು ಆಲೆಮನೆಯಲ್ಲಿ! ಬೆಲ್ಲ ಕಾಯಿಸುವ ಜಾಗದಲ್ಲಿ ಬಸುರಿಯ ಹೊಟ್ಟೆ ನೋಡುವವರು ಎಂಥ ವೈದ್ಯರು? ಭ್ರೂಣದ ಲಿಂಗ ಹೇಳುವುದು 1994ರ ಕಾಯಿದೆಯಂತೆ ಅಪರಾಧ.

ಚೀಟಿಯನ್ನು ಕೇಳಿ ಪಡೆಯಿರಿ. ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂದು ವೈದ್ಯಕೀಯ ಪರಿಷತ್ತಿನ ನಿಯಮವೇ 2016ರಿಂದ ಹೇಳಿದೆ. ಕಾಗದದ ಪೊಟ್ಟಣದಲ್ಲಿ ಹೆಸರಿಲ್ಲದ ನಾಲ್ಕು ಬಣ್ಣದ ಮಾತ್ರೆ ಕೊಟ್ಟರೆ, ನಾಳೆ ಮೈ ಕೆಟ್ಟಾಗ ಮಂಡ್ಯದ ಡಾಕ್ಟರಿಗೆ ನೀವು ಏನು ತೋರಿಸುತ್ತೀರಿ?

ಸರ್ಕಾರಿ ಆರೋಗ್ಯ ಕೇಂದ್ರಕ್ಕೂ ಇದೇ ಅಳತೆಗೋಲು. ಅಲ್ಲಿ ಕೊರತೆ ಕಂಡರೆ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಿಗೆ ತಿಳಿಸಬಹುದು. ಖಾಸಗಿ ಷಾಪಿನ ಮೇಲಿನ ದೂರನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಮಂಡ್ಯದ ಜಿಲ್ಲಾ ಆರೋಗ್ಯಾಧಿಕಾರಿಗಳ ಕಛೇರಿಯ ಮೂಲಕ ಕೊಡಬಹುದು. ದೂರಿನಲ್ಲಿ ತಾರೀಖು, ಕೊಟ್ಟ ಹಣ, ಹೇಳಿದ ಮಾತು ಇಷ್ಟನ್ನೂ ಬರೆದು ಚೀಟಿಯ ನಕಲನ್ನು ಲಗತ್ತಿಸಿರಿ. ಮೂಲ ಚೀಟಿ ಮನೆಯಲ್ಲೇ ಇರಲಿ.