ಕೆಂಪು ಚೀಲದ ಪುಟ

ಮಗಳೇ,

ನೀನು ಟಾಲ್‌ಸ್ಟಾಯ್‌ನ 'ಅನ್ನಾ ಕರೆನಿನಾ'ವನ್ನು ಬ್ಯಾಲೆಗೆ ತರುತ್ತೀಯೆಂದು ಕೇಳಿ ಖುಷಿಯಾಯಿತು, ಸ್ವಲ್ಪ ದಿಗಿಲೂ ಆಯಿತು. ನೀನು ಕಳಿಸಿದ ಟಿಪ್ಪಣಿಯಲ್ಲಿ 23 ದೃಶ್ಯಗಳಿವೆ. ಎಂಟು ಭಾಗಗಳ ಕಾದಂಬರಿಯಲ್ಲಿ ಯಾರೊಬ್ಬರನ್ನೂ ಬಿಡಲು ನಿನಗೆ ಮನಸ್ಸು ಬಂದಿಲ್ಲ.

ಅನ್ನಾ ಡಾಲಿಗೆ ನಾದಿನಿ. ಬ್ಯಾಲೆಯಲ್ಲಿ ಅದನ್ನು ಹೇಗೆ ಹೇಳುತ್ತೀ? ನಮ್ಮ 'ಅಭಿನಯದರ್ಪಣ'ದ ಬಾಂಧವ ಹಸ್ತಗಳಲ್ಲಿ ಅತ್ತೆಗೊಂದು, ನಾದಿನಿಗೊಂದು ಹಸ್ತವೇ ಇದೆ. ಪಕ್ಕದಲ್ಲಿ ಕೂತು ಸಾಹಿತ್ಯ ಹಾಡುವವರೂ ಇರುತ್ತಾರೆ. ಬ್ಯಾಲೆಯಲ್ಲಿ ಎರಡೂ ಇಲ್ಲ. ಬ್ಯಾಲೆಯಲ್ಲಿ ಅತ್ತೆಯರಿಲ್ಲ ಎಂದು ನೃತ್ಯ ಸಂಯೋಜಕ ಬಾಲಂಚಿನ್ ಹೇಳುತ್ತಿದ್ದುದು ಇದನ್ನೇ. ನಾನು ಚಿಕ್ಕವಳಿದ್ದಾಗ ಒಂದು ಕಾದಂಬರಿಯನ್ನು ನೃತ್ಯರೂಪಕ ಮಾಡಿ, ಪ್ರತಿ ದೃಶ್ಯಕ್ಕೂ ಮುಂಚೆ ನಿರೂಪಣೆ ಇಟ್ಟಿದ್ದೆ. ಜನ ಕಥೆ ಕೇಳಿಸಿಕೊಂಡು ಎದ್ದುಹೋದರು. ಆ ನೋವು ನಿನಗೆ ಬೇಡ.

ಕೆಲವರನ್ನು ಧೈರ್ಯವಾಗಿ ಬಿಡು. ಬೋರಿಸ್ ಐಫ್ಮನ್ 2005ರಲ್ಲಿ ಇದೇ ಕಾದಂಬರಿಯನ್ನು ಮಾಡಿದಾಗ ಅನ್ನಾಳ ಕಥೆಗೆ ಸಮಾನಾಂತರವಾಗಿ ಸಾಗುವ ಲೆವಿನ್ ಕಥೆಯನ್ನು ಪೂರ್ತಿ ತೆಗೆದುಹಾಕಿದ. ಆದರೆ ಲೆವಿನ್ ಹೋದರೆ ತಕ್ಕಡಿಯ ಇನ್ನೊಂದು ತಟ್ಟೆಯೂ ಹೋಗುತ್ತದೆ. ಅನ್ನಾಳ ದುಃಖ ಬರೀ ಪ್ರೇಮಕಥೆಯಾಗಿಬಿಡಬಹುದು. ಆ ಭಾರ ಹೊರಲು ಮಗ ಸೆರ್ಯೋಜಾನನ್ನಾದರೂ ಉಳಿಸಿಕೋ.

ಜಾನ್ ಕ್ರಾಂಕೊನ 'ಓನೆಗಿನ್' ನೋಡು, ಹತ್ತು ಸಲ ನೋಡು. 1965ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಮಾಡಿದ್ದು. ಪುಷ್ಕಿನ್ನನ ಪದ್ಯ ಕಾದಂಬರಿಯಲ್ಲಿ ತತ್ಯಾನಾ ರಾತ್ರಿಯೆಲ್ಲ ಕೂತು ಓನೆಗಿನ್‌ಗೆ ಪ್ರೇಮಪತ್ರ ಬರೆಯುತ್ತಾಳೆ. ಬರೆಯುವುದನ್ನು ಕುಣಿಯುವುದೆಂತು? ಕ್ರಾಂಕೊ ಅವಳನ್ನು ಬರೆಯುತ್ತ ಬರೆಯುತ್ತಲೇ ಮಲಗಿಸಿಬಿಟ್ಟ. ಕನಸಿನಲ್ಲಿ ಕನ್ನಡಿಯೊಳಗಿಂದ ಓನೆಗಿನ್ ಇಳಿದು ಬಂದ. ಪುಷ್ಕಿನ್ನನಲ್ಲಿ ಓನೆಗಿನ್ ತೋಟದಲ್ಲಿ ನಿಂತು ಅವಳಿಗೆ ಉದ್ದಕ್ಕೆ ಬುದ್ಧಿ ಹೇಳುತ್ತಾನೆ. ಇಲ್ಲಿ ಅವಳ ಕಣ್ಣೆದುರೇ ಆ ಪತ್ರ ಹರಿಯುತ್ತಾನೆ. ಕೊನೆಯಲ್ಲಿ ಅವನ ಪತ್ರವನ್ನು ಅವಳು ಹರಿಯುತ್ತಾಳೆ. ಪುಷ್ಕಿನ್ ಬರೆದ ಕಥೆಯಲ್ಲಿ ಯಾರೂ ಏನನ್ನೂ ಹರಿಯುವುದಿಲ್ಲ. ಆದರೂ ನನಗೆ ಅದು ಪುಷ್ಕಿನ್ನನದೇ ಎನಿಸುತ್ತದೆ, ಏಕೆಂದರೆ ಅಷ್ಟೂ ಮಾತಿನ ಪೆಟ್ಟು ಆ ಎರಡು ಕೈಗಳಿಗೆ ಇಳಿದಿದೆ. ಸಂಗೀತ ಚೈಕೋವ್‌ಸ್ಕಿಯದು, ಅದರಲ್ಲಿ ಅವನದೇ 'ಓನೆಗಿನ್' ಆಪೆರಾದ ಒಂದು ಸಾಲೂ ಇಲ್ಲ. ಆಪೆರಾ ಬಲ್ಲವರ ಕಿವಿ ಹಾಡಿನ ಮಾತನ್ನು ಹುಡುಕದೆ ಕುಣಿತಕ್ಕೇ ಸಿಕ್ಕುತ್ತದೆ.

ಇನ್ನು ಆಧುನಿಕತೆ. ನೃತ್ಯ ಸಂಯೋಜಕ ನಾಯ್ಮಾಯರ್ 2017ರಲ್ಲಿ ಹ್ಯಾಂಬರ್ಗ್‌ನಲ್ಲಿ 'ಅನ್ನಾ ಕರೆನಿನಾ' ಮಾಡಿದಾಗ ಅನ್ನಾಳ ಗಂಡ ಕರೆನಿನ್‌ನನ್ನು ಚುನಾವಣೆಗೆ ನಿಂತ ರಾಜಕಾರಣಿಯಾಗಿಸಿದರು, ಲೆವಿನ್‌ನನ್ನು ಟ್ರ್ಯಾಕ್ಟರ್ ಹತ್ತಿಸಿದರು. ಅನ್ನಾಳ ಮೇಲೆ ಸದಾ ಊರಿನ ಕಣ್ಣಿರುತ್ತದೆ, ರಾಜಕಾರಣಿಯ ಹೆಂಡತಿಯ ಮೇಲೂ ಇರುತ್ತದೆ. ಅದಕ್ಕೇ ಅದು ಒಪ್ಪುತ್ತದೆ. ಬರೀ ಜೀನ್ಸ್ ತೊಡಿಸಿ, ಕೈಗೆ ಮೊಬೈಲ್ ಕೊಟ್ಟರೆ ಒಪ್ಪುವುದಿಲ್ಲ.

ಟಾಲ್‌ಸ್ಟಾಯ್ ಮೈಯನ್ನು ಎಷ್ಟು ಹತ್ತಿರದಿಂದ ನೋಡಿದ್ದಾನೆಂದು ಗಮನಿಸಿದ್ದೀಯಾ? ಕರೆನಿನ್ ಬೆರಳಿನ ನೆಟಿಗೆ ಮುರಿಯುವುದನ್ನು ಕಂಡರೆ ಅನ್ನಾಳಿಗೆ ಆಗುವುದಿಲ್ಲ. ಅವರ ಇಡೀ ದಾಂಪತ್ಯ ಆ ಸದ್ದಿನಲ್ಲಿದೆ. ಕೊನೆಯ ರೈಲು ನಿಲ್ದಾಣದ ಪುಟವನ್ನಂತೂ ಅಕ್ಷರ ಅಕ್ಷರ ಓದು. ಮೊದಲ ಬೋಗಿಯ ಕೆಳಗೇ ಬೀಳಬೇಕೆಂದು ಹೋದ ಅನ್ನಾಳಿಗೆ ತೋಳಿನಲ್ಲಿದ್ದ ಕೆಂಪು ಚೀಲ ಬಿಡಿಸಿಕೊಳ್ಳುವಷ್ಟರಲ್ಲಿ ತಡವಾಗುತ್ತದೆ. ಇನ್ನೊಂದು ಬೋಗಿಗೆ ಕಾಯುತ್ತಾಳೆ. ಶಿಲುಬೆಯ ಗುರುತು ಮಾಡಿಕೊಳ್ಳುತ್ತಾಳೆ. ಚೀಲ ಎಸೆದು, ತಲೆಯನ್ನು ಹೆಗಲೊಳಗೆ ಹುದುಗಿಸಿಕೊಂಡು ಅಂಗೈ ಊರಿ ಬೀಳುತ್ತಾಳೆ. ಮರುಕ್ಷಣವೇ ಎದ್ದುಬಿಡುವವಳ ಹಾಗೆ ಹಗುರಾಗಿ ಮಂಡಿಯೂರುತ್ತಾಳೆ. ಏಳುವವಳ ಹಾಗೆ, ಮಗಳೇ! ಇದಕ್ಕಿಂತ ಹೆಚ್ಚಿನ ನೃತ್ಯ ಸಂಯೋಜನೆ ಯಾರು ಬರೆದುಕೊಟ್ಟಾರು?

ಆ 23 ದೃಶ್ಯಗಳ ಹಾಳೆ ಸದ್ಯಕ್ಕೆ ಮೇಜಿನ ಮೇಲೇ ಇರಲಿ. ನಾಳೆ ಸ್ಟುಡಿಯೋಗೆ ಹೋಗುವಾಗ ಒಂದು ಕೈಚೀಲ ಒಯ್ಯಿ. ಸಂಗೀತ ಹಾಕಬೇಡ. ತೋಳಿಗೆ ಅದನ್ನು ಸಿಕ್ಕಿಸಿಕೊಂಡು, ಬಿಡಿಸಿಕೊಳ್ಳಲು ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲು ನೋಡು.