ಉಳಿದ ಒಂದು ಎಲೆ

ಚಿರಂಜೀವಿ ಮೊಮ್ಮಗಳಿಗೆ,

ನಿನ್ನ ಕಾಗದ ಸೋಮವಾರ ಕೈಸೇರಿತು. ಅರ್ಧ ಕನ್ನಡದಲ್ಲಿಯೂ ಅರ್ಧ ಇಂಗ್ಲಿಷಿನಲ್ಲಿಯೂ ಇದ್ದ ಅದನ್ನು ನಿನ್ನ ಅಜ್ಜಿ ನನ್ನಿಂದ ಎರಡು ಸಲ ಓದಿಸಿಕೊಂಡಳು. ನಿಮ್ಮ ಅಂತರರಾಷ್ಟ್ರೀಯ ಶಾಲೆಯ ವಾರ್ಷಿಕೋತ್ಸವಕ್ಕೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ರಂಗಕ್ಕೆ ತರುತ್ತಿರುವುದು, ನೀನು ವಿದ್ಯಾರ್ಥಿ ಪರಿಷತ್ತಿಗೆ ಆಯ್ಕೆಯಾಗಿರುವುದು, ಡಿಸೆಂಬರಿನಲ್ಲಿ ಹಂಪೆಗೆ ಹೊರಡುವ ಪ್ರವಾಸದಲ್ಲಿ 20 ಮಂದಿ ಕಿರಿಯರ ಹೊಣೆ ನಿನ್ನ ಪಾಲಿಗೆ ಬಂದಿರುವುದು, ಈ ಮೂರು ಸಂಗತಿಗಳಲ್ಲಿ ಕಡೆಯ ಎರಡನ್ನು ಉಬ್ಬಿದ ಮನಸ್ಸಿನಿಂದಲೂ ಮೊದಲನೆಯದನ್ನು ಕುಗ್ಗಿದ ಮನಸ್ಸಿನಿಂದಲೂ ಬರೆದಿದ್ದೀಯೆ. ಕನ್ನಡವೇ ಬಾರದ ಕೊರಿಯಾದ ಹುಡುಗನಿಗೆ ಜೋಗಿಯ ಪಾತ್ರವನ್ನು ಕೊಟ್ಟು, ಮನೆಯಲ್ಲಿ ಕನ್ನಡವಾಡುವ ನಿನಗೆ ಕೊನೆಯಲ್ಲಿ ಹಿಂದುಳಿಯುವ ಕುಂಟ ಹುಡುಗನ ಪಾತ್ರವನ್ನು ಕೊಟ್ಟರೆಂಬುದು ನಿನ್ನ ದುಃಖ. ಅದನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಹದಿನಾರು ವರ್ಷದ ಮನಸ್ಸಿಗೆ ಇಂತಹ ನೋವು ಎಷ್ಟು ನಿಜವಾದುದೆಂಬುದನ್ನು ಮರೆಯುವಷ್ಟು ಮುದುಕನಾಗಿಲ್ಲ ನಾನು. ಈ ಉತ್ತರವನ್ನು ನಿನ್ನ ಜೊತೆಯವರಿಗೂ ಓದಿ ಹೇಳಬೇಕೆನಿಸಿದರೆ ಧಾರಾಳವಾಗಿ ಓದು. ಗುಟ್ಟಿನ ಮಾತು ಇದರಲ್ಲಿ ಒಂದೇ ಒಂದಿದೆ, ಅದು ನನ್ನದು.

ಮೊದಲು ಆ ಕಥೆಯ ಸಂಚಾರವನ್ನು ನೋಡು. ಜರ್ಮನಿಯಲ್ಲಿ ವೇಸರ್ ನದಿಯ ದಡದ ಹ್ಯಾಮೆಲಿನ್ ಪಟ್ಟಣದಿಂದ 1284ರಲ್ಲಿ 130 ಮಕ್ಕಳು ಕೊಳಲಿನವನೊಬ್ಬನ ಹಿಂದೆ ಹೋಗಿ ಮರಳಲಿಲ್ಲವೆಂಬ ಐತಿಹ್ಯ, ಶತಮಾನಗಳ ಕಾಲ ಜನರ ಬಾಯಲ್ಲಿ ಉಳಿದು, 1842ರಲ್ಲಿ ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯವಾಗಿ ಪ್ರಕಟವಾಯಿತು. ಅದನ್ನು ಕುವೆಂಪು ಅವರು ವೇಸರಿನ ದಡದಿಂದೆತ್ತಿ ನಮ್ಮ ತುಂಗೆಯ ದಡದಲ್ಲಿ ನೆಟ್ಟ ಮೇಲೆ ಅದು ಎಷ್ಟರಮಟ್ಟಿಗೆ ನಮ್ಮದಾಯಿತೆಂದರೆ, ನಾನು ಪಾಠ ಹೇಳಿದ ಊರುಗಳಲ್ಲಿ ಬೊಮ್ಮನಹಳ್ಳಿ ಎಲ್ಲಿದೆಯೆಂದು ಕೇಳುವ ಮಕ್ಕಳಿದ್ದರೇ ಹೊರತು ಈ ಕಥೆ ಹೊರಗಿನಿಂದ ಬಂದುದೆಂದು ಶಂಕಿಸುವವರಿರಲಿಲ್ಲ. ಪರದೇಶದಿಂದ ಬಂದು ಕನ್ನಡವನ್ನು ಕಲಿತ ಕಥೆಯದು. ಅದರ ನಾಯಕನ ಪಾತ್ರವನ್ನು ಪರದೇಶದಿಂದ ಬಂದ ಹುಡುಗನು ಕನ್ನಡ ಕಲಿತು ಆಡುವುದರಲ್ಲಿ ನನಗೆ ಅನ್ಯಾಯಕ್ಕಿಂತ ಹೆಚ್ಚಾಗಿ ಔಚಿತ್ಯವೇ ಕಾಣುತ್ತದೆ. ಅವನ ಲಿಪಿಯಲ್ಲಿ ರಕಾರ ಲಕಾರಗಳೆರಡಕ್ಕೂ ಇರುವುದು ಒಂದೇ ಅಕ್ಷರ. ಹಾಗಿರುವಲ್ಲಿ ನಮ್ಮ ಳಕಾರವನ್ನು ನಾಲಿಗೆ ಮಡಿಸಿ ನುಡಿಯುವುದು ಅವನಿಗೆ ಎಂತಹ ಸಾಹಸವೆಂಬುದನ್ನು ಯೋಚಿಸು. ಊಟದ ಬಿಡುವಿನಲ್ಲಿ ಕಾಲುಗಂಟೆ ಅವನ ಪಕ್ಕದಲ್ಲಿ ಕುಳಿತು ‘ಹಳ್ಳಿ’ ‘ಹಲ್ಲಿ’ಗಳ ಭೇದವನ್ನು ಕಲಿಸಿಕೊಡು. ಪ್ರತಿಯಾಗಿ ಅವನ ನಾಡಿನ ಪಾನ್ಸೊರಿಯ ವಿಷಯ ಕೇಳು. ನಮ್ಮ ಹರಿಕಥೆಯ ದಾಸರಂತೆ ಒಬ್ಬರೇ ನಿಂತು, ಕೈಯಲ್ಲೊಂದು ಬೀಸಣಿಗೆ ಹಿಡಿದು, ಇಡೀ ಕಥೆಯನ್ನು ಹಾಡಿಯೂ ಆಡಿಯೂ ತೋರಿಸುವ ಕಲೆಯದು. ಪಕ್ಕದಲ್ಲಿ ಮದ್ದಲೆ ಬಾರಿಸುವವನೊಬ್ಬನೇ ಮೇಳ, ನಡುನಡುವೆ ಕೂಗಿ ಹುರಿದುಂಬಿಸುವ ಕೆಲಸವೂ ಅವನದೇ.

ಇನ್ನು ನಿನ್ನ ಪಾತ್ರ. ಜೋಗಿಯ ನಾದದ ಹಿಂದೆ ಮಕ್ಕಳೆಲ್ಲರೂ ಹೋಗಿ ಬೆಟ್ಟದ ಬಾಯಿ ಮುಚ್ಚಿಕೊಂಡ ಮೇಲೆ ಈ ಲೋಕದಲ್ಲಿ ಉಳಿಯುವವನು ಆ ಕುಂಟ ಹುಡುಗನೊಬ್ಬನೇ. ಮಕ್ಕಳನ್ನು ಸೆಳೆದ ಸ್ವರ್ಗ ಹೇಗಿತ್ತೆಂಬುದಕ್ಕೆ ಊರಿಗಿರುವ ಸಾಕ್ಷಿ ಆ ಮಗುವಿನ ಬಾಯೊಂದೇ. ಇಲಿಗಳ ಗದ್ದಲ, ಗೌಡನ ಲೋಭ, ಜೋಗಿಯ ಮಾಯೆ ಎಲ್ಲವೂ ಮುಗಿದು ರಂಗ ಬರಿದಾದಾಗ ಆ ಬರಿದನ್ನು ತುಂಬಬೇಕಾದವಳು ನೀನು. ಅದನ್ನು ಆಡುವ ಬಗೆಯಲ್ಲಿ ನನ್ನದೊಂದು ಮಾತು. ಹಳ್ಳಿಯ ನಾಟಕಗಳಲ್ಲಿ ಕುಂಟುತ್ತ ಬರುವ ಪಾತ್ರವನ್ನು ಕಂಡೊಡನೆ ಜನ ನಗುತ್ತಿದ್ದುದನ್ನು ನಾನು ಬಹಳ ನೋಡಿದ್ದೇನೆ, ನೋಡಿ ನಾಚಿದ್ದೇನೆ. ಕಾಲು ನೋಯುವವನು ತನ್ನ ಕುಂಟನ್ನು ತೋರಿಸುವುದಿಲ್ಲ, ಮಗೂ, ಬಚ್ಚಿಡುತ್ತಾನೆ. ಅವನ ದೃಷ್ಟಿ ಮುಂದಿನ ಎರಡು ಹೆಜ್ಜೆಯ ನೆಲದ ಮೇಲಿರುತ್ತದೆ, ಆಗಾಗ ಮಾತ್ರ ತಲೆಯೆತ್ತಿ ಮುಂದೆ ಹೋದವರು ಎಷ್ಟು ದೂರವಾದರೆಂದು ಅಳೆದುಕೊಳ್ಳುತ್ತದೆ. ಅವಸರವೆಲ್ಲ ಕಣ್ಣಿನಲ್ಲಿ, ಕಾಲಿನಲ್ಲಿ ಎಚ್ಚರ. ಇದು ನನಗೆ ತಿಳಿದುದು ಹೇಗೆಂಬುದನ್ನು ಹೇಳಹೊರಟರೆ ನಿನ್ನ ಎರಡನೆಯ ಸಂಗತಿಗೆ ಬರಬೇಕಾಗುತ್ತದೆ.

ಪರಿಷತ್ತಿನವರನ್ನೆಲ್ಲ ಎರಡು ದಿನ ಊರ ಹೊರಗಿನ ಶಿಬಿರಕ್ಕೆ ಕರೆದೊಯ್ದು, ಹಗ್ಗದ ಸೇತುವೆ ದಾಟಿಸಿ, ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿ, ಸಭೆಯಲ್ಲಿ ಅಳುಕದೆ ಮಾತನಾಡುವುದನ್ನು ಅಭ್ಯಾಸ ಮಾಡಿಸಿದರೆಂದು ಬರೆದಿದ್ದೀಯೆ. ಒಳ್ಳೆಯದೇ. ಆದರೆ ನಾಯಕತ್ವವೆಂದರೇನೆಂಬುದನ್ನು ನಾನು ಕಲಿತುದು ನನ್ನ 27ನೆಯ ವಯಸ್ಸಿನಲ್ಲಿ, ಒಬ್ಬ ಬಾಲಕನ ಸಂಕಟವನ್ನು ಬೆಲೆಯಾಗಿ ತೆತ್ತು. ನಿನ್ನ ತಂದೆಗೂ ಇದನ್ನು ನಾನು ಹೇಳಿದವನಲ್ಲ.

1974ರ ಡಿಸೆಂಬರು. ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರಿಂದ 42 ಹುಡುಗರನ್ನು ಬಾಡಿಗೆಯ ಬಸ್ಸಿನಲ್ಲಿ ಹಂಪೆಗೆ ಕರೆದುಕೊಂಡು ಹೋಗಿದ್ದೆ. ಹಗಲೆಲ್ಲ ಬಂಡೆಗಳ ನಡುವೆ ಅಲೆದು, ವಿಠ್ಠಲ ದೇವಾಲಯವನ್ನು ನೋಡಿ, ಹೊಳೆಯ ದಡದಲ್ಲೇ ನಡೆದು ವಿರೂಪಾಕ್ಷನ ಸನ್ನಿಧಿಗೆ ಬಂದು, ಮುಚ್ಚಂಜೆಯ ಹೊತ್ತಿಗೆ ಬಸ್ಸು ಹತ್ತಿದೆವು. ಮಾನಿಟರನು ಹೆಸರು ಕೂಗಿದ. ನಾನು ಮೆಟ್ಟಿಲ ಮೇಲೆ ನಿಂತು ಹಾಜರಿ ಪುಸ್ತಕದಲ್ಲಿ ಗುರುತು ಹಾಕಿದೆ. ನಲವತ್ತೆರಡು ಹೆಸರಿಗೂ ‘ಹಾಜರ್ ಸಾರ್’ ಎಂಬ ಉತ್ತರ ಬಂದಿತು. ಹೊಸಪೇಟೆಯ ಛತ್ರಕ್ಕೆ ಬಂದು ಕೈಕಾಲು ತೊಳೆದು ಪಂಕ್ತಿಗೆ ಕುಳಿತಾಗ, ಅಡಿಗೆಯವರು ಸಾರಿನ ಪಾತ್ರೆ ಹಿಡಿದುಕೊಂಡೇ ನಿಂತು, “ಮೇಷ್ಟ್ರೇ, ಒಂದು ಎಲೆ ಉಳಿಯಿತಲ್ಲ” ಎಂದರು. ಸಾಲಿನ ಕೊನೆಯಲ್ಲಿ ನೀರು ಚಿಮುಕಿಸಿದ್ದ ಬಾಳೆಯೆಲೆಯೊಂದು ಖಾಲಿಯಾಗಿತ್ತು. ಆ ಹಸಿರು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಗೆಳೆಯನು ಹಿಂದಿನ ಸೀಟಿನಲ್ಲಿ ಮಲಗಿರುವನೆಂದು ನಂಬಿ, ನಿದ್ದೆ ಕೆಡಿಸಬಾರದೆಂಬ ಪ್ರೀತಿಯಿಂದ, ಮತ್ತೊಬ್ಬ ಹುಡುಗನು ಅವನ ಹೆಸರಿಗೆ ಓಗೊಟ್ಟಿದ್ದನು. ಬಸ್ಸು ತಿರುಗಿಸಿಕೊಂಡು ಸುಮಾರು 12 ಕಿಲೋಮೀಟರು ಹಿಂದಕ್ಕೆ ಹೋದ ಆ ದಾರಿಯಷ್ಟು ಉದ್ದವಾದ ದಾರಿಯನ್ನು ನಾನು ಬದುಕಿನಲ್ಲಿ ಕ್ರಮಿಸಿಲ್ಲ. ಮಧ್ಯಾಹ್ನವೇ ಚಪ್ಪಲಿಯ ಬಾರು ಕಿತ್ತು, ಕಾದ ಬಂಡೆಯ ಮೇಲೆ ಬರಿಗಾಲಿನಲ್ಲಿ ನಡೆದು, ಅಂಗಾಲಿನ ಬೊಬ್ಬೆಗಳೊಡೆದು, ಹೆಜ್ಜೆ ಹೆಜ್ಜೆಗೂ ನಮ್ಮಿಂದ ಹಿಂದೆ ಬೀಳುತ್ತ ಬಂದಿದ್ದ ಆ ಹುಡುಗನು ತೇರುಬೀದಿಯ ಕಲ್ಲುಮಂಟಪವೊಂದರಲ್ಲಿ ಕುಳಿತಿದ್ದನು. ಹೂ ಮಾರುವ ಮುದುಕಿಯೊಬ್ಬಳು ಅವನ ಕಾಲಿಗೆ ಅರಿಸಿನ ಮೆತ್ತಿ, ತನ್ನ ಬುತ್ತಿಯ ಅನ್ನವನ್ನು ತಿನ್ನಿಸಿ, ಬಸ್ಸು ಮರಳಿ ಬರುವವರೆಗೆ ಪಕ್ಕದಲ್ಲೇ ಕಾದಿದ್ದಳು. ಹುಡುಗ ಅಳಲಿಲ್ಲ. ನನ್ನ ಮುಖವನ್ನೇ ನೋಡಿ, “ಸಾರ್, ನನ್ನ ಹೆಸರು ಕೂಗಲಿಲ್ಲವೇ?” ಎಂದು ಕೇಳಿದ. ಕೂಗಿದೆವೆಂದಿದ್ದರೆ ಸುಳ್ಳಾಗುತ್ತಿರಲಿಲ್ಲ, ಆದರೂ ಹಾಗೆನ್ನಲು ನಾಲಿಗೆಯೇಳಲಿಲ್ಲ. ಎತ್ತಿಕೊಂಡು ಬಂದೆ. ಅನಂತರ ಅಧ್ಯಾಪಕನಾಗಿದ್ದಷ್ಟು ಕಾಲವೂ ಪ್ರವಾಸಗಳಲ್ಲಿ ನಾನು ಹೆಸರು ಕೂಗಿಸಿದವನಲ್ಲ. ಸೀಟಿನಿಂದ ಸೀಟಿಗೆ ಹೋಗಿ ಒಂದೊಂದು ಮುಖವನ್ನೂ ನೋಡಿದ ಮೇಲೆಯೇ ಚಾಲಕನಿಗೆ ಹೊರಡೆಂದು ಹೇಳುತ್ತಿದ್ದೆ.

ನೀನು ಓದುತ್ತಿರುವ ಐಬಿ ಡಿಪ್ಲೊಮಾದಲ್ಲಿ ಸೃಜನಶೀಲತೆ, ಚಟುವಟಿಕೆ, ಸೇವೆ ಎಂದು ಮೂರನ್ನು 18 ತಿಂಗಳ ಕಾಲ ನಡೆಸಿ ದಾಖಲೆಯಿಡಬೇಕು, ಅಂಕಗಳಿಲ್ಲದಿದ್ದರೂ ಅದಿಲ್ಲದೆ ಡಿಪ್ಲೊಮಾ ದೊರೆಯದು, ಎಂದು ತಿಳಿಸಿದ್ದೀಯೆ. ಈ ಬಗೆಯ ಶಿಕ್ಷಣದ ಹಿಂದೆ ನಿಂತ ಹಿರಿಯರಲ್ಲಿ ಕರ್ಟ್ ಹಾನ್ ಎಂಬವರೊಬ್ಬರು. ಹಿಟ್ಲರನನ್ನು ವಿರೋಧಿಸಿ 1933ರಲ್ಲಿ ಸೆರೆವಾಸ ಕಂಡು, ಜರ್ಮನಿಯನ್ನು ಬಿಟ್ಟು, ಸ್ಕಾಟ್ಲೆಂಡಿನಲ್ಲಿ ಶಾಲೆ ಕಟ್ಟಿದವರು. ಅವರ ಪ್ರೇರಣೆಯಿಂದ 1962ರಲ್ಲಿ ವೇಲ್ಸಿನ ಕಡಲ ತೀರದ ಕೋಟೆಯೊಂದರಲ್ಲಿ ನಾನಾ ದೇಶಗಳ ತರುಣರಿಗಾಗಿ ಅಟ್ಲಾಂಟಿಕ್ ಕಾಲೇಜು ಆರಂಭವಾದಾಗ, ಅಲ್ಲಿಯ ವಿದ್ಯಾರ್ಥಿಗಳಿಗೆ ಸೇವೆಯೆಂದು ವಿಧಿಸಿದುದು ಭಾಷಣವನ್ನಲ್ಲ, ಬಹುಮಾನವನ್ನಲ್ಲ. ಕಡಲಿನಲ್ಲಿ ಅಪಾಯಕ್ಕೆ ಸಿಕ್ಕವರನ್ನು ದೋಣಿಯಲ್ಲಿ ಹೋಗಿ ಎತ್ತಿ ತರುವುದನ್ನು. ಗಟ್ಟಿ ತಳಕ್ಕೆ ಗಾಳಿ ತುಂಬಿದ ಅಂಚನ್ನು ಹೊಂದಿಸಿ ಆ ಕಾಲೇಜಿನವರು ರೂಪಿಸಿದ ದೋಣಿಯ ಮಾದರಿಯೇ ಇಂದು ಎಷ್ಟೋ ದೇಶಗಳ ರಕ್ಷಣಾ ದಳಗಳಲ್ಲಿದೆ. ಅಲೆಗಳ ನಡುವೆ ಕಾಣದಾದವನೊಬ್ಬನನ್ನು ಹುಡುಕುವ ಕಣ್ಣು ನಿಮ್ಮ ವಿದ್ಯೆಯ ಮೂಲದಲ್ಲಿಯೇ ಇದೆ. ಆದುದರಿಂದ, ಎದೆಯ ಮೇಲಿನ ಪದಕವನ್ನು ಮುಟ್ಟಿ ನೋಡಿಕೊಳ್ಳುವ ಮೊದಲು, ಈ ಗುಂಪಿನಲ್ಲಿ ಯಾರು ಇಲ್ಲವೆಂಬುದನ್ನು ಕೇಳಿಕೊಳ್ಳುವ ಅಭ್ಯಾಸವನ್ನು ಬೆಳೆಸಿಕೋ. ದಾಖಲೆಯ ಪುಸ್ತಕವನ್ನು ನಾನು ಹಳಿಯುವುದಿಲ್ಲ. ಸತ್ಯವನ್ನು ಬರೆಯೆಂದು ಮಾತ್ರ ಹೇಳುತ್ತೇನೆ. ‘ನಾಯಕತ್ವವನ್ನು ಕಲಿತೆ’ ಎಂದು ಬರೆದು ಚಿತ್ರವೊಂದನ್ನು ಅಂಟಿಸುವುದಕ್ಕಿಂತ, ಜೋಗಿಯ ಪಾತ್ರ ಸಿಗದೆ ಮೂರು ದಿನ ಕೊರಿಯಾದ ಹುಡುಗನೊಡನೆ ಮಾತು ಬಿಟ್ಟೆನೆಂದು ಬರೆದರೆ, ಓದುವವರಿಗೆ ನೀನು ಕಾಣುತ್ತೀಯೆ.

ಇನ್ನು ಹಂಪೆ. ಕಲ್ಲಿನ ರಥವನ್ನು ನೀವು ಹೇಗೂ ನೋಡುತ್ತೀರಿ. ಅದರ ವರ್ಣನೆಯಲ್ಲಿ ಹೊತ್ತು ಕಳೆಯುವುದಿಲ್ಲ. ಮಹಾನವಮಿ ದಿಬ್ಬದ ಬಳಿ ಮಾತ್ರ ನಿನ್ನ ಕಿರಿಯರನ್ನು ಒಂದು ಗಂಟೆಯಾದರೂ ನಿಲ್ಲಿಸು. 1443ರಲ್ಲಿ ಬಂದ ಪರ್ಶಿಯಾದ ರಾಯಭಾರಿ ಅಬ್ದುಲ್ ರಜಾಕನೂ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸರ ಡೊಮಿಂಗೊ ಪಾಯೆಸನೂ ಈ ನಗರದ ಮಹಾನವಮಿಯನ್ನು ಕಣ್ಣಾರೆ ಕಂಡು, ಅದರ ನೃತ್ಯ ಗೀತ ವಿನೋದಗಳನ್ನು ತಮ್ಮ ತಮ್ಮ ಭಾಷೆಗಳಲ್ಲಿ ಬರೆದಿಟ್ಟರು. ದಿಬ್ಬದ ಪಕ್ಕದ ಕಲ್ಲುಗಳಲ್ಲಿ ನರ್ತಕಿಯರು, ಬೇಟೆಗಾರರು, ಆನೆಗಳು ಸಾಲುಗಟ್ಟಿರುವುದರ ನಡುವೆ, ಚೂಪು ಟೊಪ್ಪಿಗೆಯ ಪರದೇಶೀಯರೂ ಕುದುರೆಗಳೊಡನೆ ನಿಂತಿದ್ದಾರೆ. ನಮ್ಮ ಶಿಲ್ಪಿ ಅವರ ಉಡುಪನ್ನು ಎಷ್ಟು ಲಕ್ಷ್ಯವಿಟ್ಟು ನೋಡಿದ್ದನೆಂಬುದನ್ನು ನಿನ್ನ ಕೊರಿಯಾದ ಗೆಳೆಯನಿಗೆ ತೋರಿಸು. ಮನೆಯವಳು ನೀನು, ಅತಿಥಿಗೆ ಮನೆ ತೋರಿಸುವ ಹೊಣೆ ನಿನ್ನದಲ್ಲದೆ ಮಾರ್ಗದರ್ಶಿ ಪುಸ್ತಕದ್ದಲ್ಲ.

ಅಲ್ಲಿಂದ ಅನತಿದೂರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕರಿಕಲ್ಲಿನ ಪುಷ್ಕರಣಿಯೊಂದಿದೆ. ನಾನು ಹೋದಾಗ ಅದು ಮಣ್ಣಿನಡಿಯಲ್ಲಿತ್ತು. ಅದರ ಮೇಲೆಯೇ ನಾವು ನಡೆದಾಡಿರಬಹುದು. 1980ರ ದಶಕದ ಉತ್ಖನನದಲ್ಲಿ ಅದು ಬೆಳಕು ಕಂಡಿತು. ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿಗೆ ಸೇರಬೇಕೆಂದು ಕಲ್ಲುಕುಟಿಗರು ಹಾಕಿದ ಗುರುತುಗಳು ಆ ಕಲ್ಲುಗಳ ಮೇಲೆ ಇಂದಿಗೂ ಇವೆ. ಮಕ್ಕಳು ಅವುಗಳನ್ನು ಹುಡುಕಲಿ; ಅರ್ಧ ದಿನ ಹಿಡಿದರೂ ಹಿಡಿಯಲಿ. ವಿರೂಪಾಕ್ಷ ದೇವಾಲಯದಲ್ಲಿ ಸಣ್ಣ ರಂಧ್ರದ ಮೂಲಕ ಬಂದ ಬೆಳಕು ರಾಜಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಬಿಡಿಸುವುದನ್ನು ನೋಡಿದರೆ, ನಿಮ್ಮ ಭೌತಶಾಸ್ತ್ರದ ಒಂದು ಪಾಠ ಹಲಗೆಯಿಲ್ಲದೆ ಮುಗಿಯುತ್ತದೆ. ಬರುವಾಗ ಬಾಳೆಯ ತೋಟಗಳ ನಡುವೆ ಹರಿಯುವ ತುರ್ತಾ ಕಾಲುವೆಯಲ್ಲಿ ಕೈ ಅದ್ದಿಸು. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಅದು ಅರಮನೆಗಳೆಲ್ಲ ಉರಿದುಹೋದ ಮೇಲೂ ಗದ್ದೆಗೆ ನೀರುಣಿಸುತ್ತಿದೆ. ಆ ನೀರು ತುಂಗಭದ್ರೆಯದು. ಕೂಡಲಿಯಲ್ಲಿ ಭದ್ರೆಯೊಡನೆ ಬೆರೆತು ಬಂದಿರುವ ತುಂಗೆ, ನಿನ್ನ ನಾಟಕದಲ್ಲಿ ಇಲಿಗಳು ಮುಳುಗುವ ಹೊಳೆ, ಅದರಲ್ಲಿಯೇ ಇದ್ದಾಳೆ.

ಇನ್ನೆರಡು ವ್ಯವಹಾರದ ಮಾತು. ಬಂಡೆಗಳು ಡಿಸೆಂಬರಿನಲ್ಲಿಯೂ ಕಾಯುತ್ತವೆ. ಹೊರಡುವ ಹಿಂದಿನ ದಿನ ಇಪ್ಪತ್ತು ಮಂದಿಯ ಪಾದರಕ್ಷೆಗಳನ್ನೂ ನೀನೇ ಕೈಯಲ್ಲಿ ಹಿಡಿದು ನೋಡು, ಒಂದು ಜೊತೆ ಹೆಚ್ಚಿಗೆ ಇಟ್ಟುಕೋ. ನಡೆಯುವಾಗ ಸಾಲಿನ ಮುಂದಿರಬೇಡ, ಕಡೆಯಲ್ಲಿರು. ಅಜ್ಜಿ ದಾರಿಗೆಂದು ಕೋಡುಬಳೆ ಕರಿದು ಕಳುಹಿಸುವವಳಿದ್ದಾಳೆ. ಮಕ್ಕಳ ಲೆಕ್ಕ ಅವಳಿಗೆ ಗೊತ್ತಾಯಿತು. ಜೊತೆಗೆ ಬರುವ ಅಧ್ಯಾಪಕರೆಷ್ಟು, ಚಾಲಕನ ಸಂಗಡ ಕ್ಲೀನರ್ ಇರುವನೇ, ಖಾರ ತಿನ್ನಲಾರದ ಮಕ್ಕಳು ಯಾರು ಯಾರೆಂಬುದನ್ನು ಹೆಸರು ಸಹಿತ ಬರೆದು ತಿಳಿಸಬೇಕಂತೆ. ಅವರಿಗೆ ಬೇರೆ ಡಬ್ಬಿ.

ಇತಿ,
ನಿನ್ನ ತಾತ