ಧಿಕ್ಕಾರ ಕೂಗಿದರೆ ಔಷಧ ಬೇಗ ಬಂದೀತೆ?

ಪ್ರಶ್ನೆ: ಸ್ತನ ಕ್ಯಾನ್ಸರ್‌ಗೆ ತಪಾಸಣೆ, ಚಿಕಿತ್ಸೆ ಬೇಗ ಸಿಗಲಿ ಎಂದು ಹೊರದೇಶಗಳಲ್ಲಿ ಹೆಂಗಸರು ಬೀದಿಗಿಳಿಯುತ್ತಾರಂತೆ. ಔಷಧ ಕಂಡುಹಿಡಿಯುವುದು ವಿಜ್ಞಾನಿಗಳ ಕೆಲಸ. ಧಿಕ್ಕಾರ ಕೂಗಿದರೆ ಅದು ಬೇಗ ಆಗುತ್ತದೆಯೇ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಆದದ್ದುಂಟು. ಆತುರದಿಂದ ಕೆಟ್ಟದ್ದೂ ಉಂಟು.

1994ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಜೆನೆಂಟೆಕ್ ಕಂಪನಿಯ ಆವರಣಕ್ಕೆ ಕಾರುಗಳ ಸಾಲೊಂದು ಹಾರನ್ ಬಾರಿಸುತ್ತ ನುಗ್ಗಿತು. ಶವಯಾತ್ರೆಯ ರೂಪದ ಪ್ರತಿಭಟನೆ ಅದು. ಸ್ವತಃ ಸ್ತ್ರೀರೋಗ ತಜ್ಞೆಯಾಗಿದ್ದ ಒಬ್ಬರು ಕೆಲವೇ ವಾರಗಳ ಹಿಂದೆ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಕಂಪನಿ ಆಗಿನ್ನೂ ಪರೀಕ್ಷಿಸುತ್ತಿದ್ದ ಹರ್ಸೆಪ್ಟಿನ್ ಎಂಬ ಔಷಧವನ್ನು ಅವರು ಕೇಳಿದ್ದರು, ಸಿಕ್ಕಿರಲಿಲ್ಲ. ಎಚ್‌ಇಆರ್2 ಎಂಬ ಪ್ರೋಟೀನು ಅತಿಯಾಗಿರುವ ಗಡ್ಡೆಗಳಿಗೆ, ಅಂದರೆ ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ, ನಾಟುವ ಮದ್ದು ಅದು.

ಕಂಪನಿಯ ಮಾತಿನಲ್ಲೂ ಹುರುಳಿತ್ತು. ತಯಾರಾಗುತ್ತಿದ್ದ ಔಷಧವೇ ಸ್ವಲ್ಪ. ಕೇಳಿದವರಿಗೆಲ್ಲ ಹಂಚಿದರೆ ಪ್ರಯೋಗಕ್ಕೆ ಉಳಿಯುವುದೇನು? ಆದರೆ ಗದ್ದಲದ ಮೇಲೆ ಮಾತುಕತೆಯಾಯಿತು. ಪ್ರಯೋಗದ ಹೊರಗಿರುವ ಕೆಲವರಿಗೆ ಚೀಟಿ ಎತ್ತಿ ಔಷಧ ಕೊಡುವ ಏರ್ಪಾಡಾಯಿತು. ಕೂಗಾಡಿದ ಸಂಘಟನೆಗಳೇ ಬಳಿಕ ಪ್ರಯೋಗ ಹೇಗಿರಬೇಕೆಂದು ಸಲಹೆ ಕೊಟ್ಟವು, ಸೇರಲು ರೋಗಿಗಳನ್ನೂ ಹುರಿದುಂಬಿಸಿದವು. 1998ರ ಸೆಪ್ಟೆಂಬರ್‌ನಲ್ಲಿ ಔಷಧಕ್ಕೆ ಅನುಮತಿ ಸಿಕ್ಕಿತು. ಹಾರನ್ ಬಾರಿಸಿದ್ದು ಪತ್ರಿಕೆಗಳಿಗೆ ಒಳ್ಳೆಯ ಸುದ್ದಿ, ನಿಜ. ನನಗೆ ಹೆಚ್ಚು ಮುಖ್ಯವೆನಿಸುವುದು ಆಮೇಲಿನ ಈ ಬೇಸರದ ಸಭೆಗಳೇ.

ಅದೇ ವರ್ಷಗಳಲ್ಲಿ, ಅದೇ ದೇಶದಲ್ಲಿ, ಇನ್ನೊಂದು ಬೇಡಿಕೆಯೂ ಎದ್ದಿತ್ತು. ವಿಪರೀತ ಪ್ರಮಾಣದಲ್ಲಿ ಕೀಮೊ ಕೊಟ್ಟು, ಅದರಿಂದ ಹಾಳಾದ ಅಸ್ಥಿಮಜ್ಜೆಯನ್ನು ರೋಗಿಯಿಂದಲೇ ಮೊದಲು ತೆಗೆದಿಟ್ಟದ್ದರಿಂದ ಮತ್ತೆ ತುಂಬುವ ಚಿಕಿತ್ಸೆ. ಸ್ವಲ್ಪ ಮದ್ದಿಗೇ ಗಡ್ಡೆ ಕುಗ್ಗುವುದಾದರೆ ಜಾಸ್ತಿ ಮದ್ದಿಗೆ ಮಾಯವಾಗದೇ ಎಂಬ ತರ್ಕ ಎಲ್ಲರಿಗೂ ಹಿಡಿಸಿತು. ವಿಮಾ ಕಂಪನಿಗಳು ‘ಇದು ಇನ್ನೂ ಪ್ರಯೋಗದ ಹಂತದಲ್ಲಿದೆ’ ಎಂದು ಹಣ ಕೊಡಲಿಲ್ಲ. 1993ರಲ್ಲಿ ಕ್ಯಾಲಿಫೋರ್ನಿಯದ ಜ್ಯೂರಿಯೊಂದು ಹಾಗೆ ನಿರಾಕರಿಸಿದ ವಿಮಾ ಕಂಪನಿಗೆ 8.9 ಕೋಟಿ ಡಾಲರ್ ಪರಿಹಾರ ಕೊಡಲು ಹೇಳಿತು. ಅಲ್ಲಿಂದಾಚೆಗೆ ಬೇಡ ಎನ್ನುವ ಧೈರ್ಯ ಯಾವ ಕಂಪನಿಗೂ ಸುಲಭವಾಗಿ ಬರಲಿಲ್ಲ.

ಮುಂದಿನದು ಕಹಿ. ದುಡ್ಡು ಕೊಟ್ಟರೆ ಎಲ್ಲೆಂದರಲ್ಲಿ ಈ ಚಿಕಿತ್ಸೆ ಸಿಗುವಾಗ, ಯಾವ ಗುಂಪಿಗೆ ಬೀಳುತ್ತೇವೋ ತಿಳಿಯದ ಪ್ರಯೋಗಕ್ಕೆ ಯಾರು ಸೇರುತ್ತಾರೆ? ಹೀಗಾಗಿ ಪ್ರಯೋಗಗಳು ವರ್ಷಗಟ್ಟಲೆ ಕುಂಟಿದವು. 1999ರಲ್ಲಿ ಫಲಿತಾಂಶ ಹೊರಬಿದ್ದಾಗ ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಲಾಭವಿದೆ ಎಂದಿದ್ದ ದಕ್ಷಿಣ ಆಫ್ರಿಕದ ಅಧ್ಯಯನ ಮೋಸದ್ದೆಂದು 2000ದಲ್ಲಿ ಬಯಲಾಯಿತು. ಅಷ್ಟರಲ್ಲಿ ಸಾವಿರಾರು ಹೆಂಗಸರು ಆ ಯಾತನೆ ಅನುಭವಿಸಿ ಆಗಿತ್ತು. ಚಿಕಿತ್ಸೆಯಿಂದಲೇ ಸತ್ತವರೂ ಇದ್ದರು. ಬೇಗ ಬೇಕು ಎಂದದ್ದರಿಂದಲೇ ಉತ್ತರ ತಡವಾಯಿತು.

ಹರ್ಸೆಪ್ಟಿನ್ ಕತೆಗೆ ನಮ್ಮೂರಿನ ಕೊಂಡಿಯೊಂದಿದೆ. ಅದರ ಮೂಲ ಔಷಧ ಟ್ರಾಸ್ಟುಝುಮ್ಯಾಬ್. ಮೂರು ವಾರಕ್ಕೊಮ್ಮೆಯಂತೆ ಸಾಮಾನ್ಯವಾಗಿ ಒಂದು ವರ್ಷ ಕೊಡುವ ಈ ಇಂಜೆಕ್ಷನ್ನಿಗೆ ಹೊಲ ಮಾರಿದರೂ ಸಾಲದಂಥ ಬೆಲೆಯಿತ್ತು. ಅದು ಇಳಿಯಲೇಬೇಕೆಂದು ಭಾರತದಲ್ಲಿ 2012ರಲ್ಲಿ ಚಳವಳಿ ಶುರುವಾಯಿತು. ಮರುವರ್ಷ ಜೆನೆಂಟೆಕ್‌ನ ಒಡೆಯನಾದ ರೋಶ್ ಕಂಪನಿ ಇಲ್ಲಿನ ಪೇಟೆಂಟಿನ ಹಟ ಬಿಟ್ಟಿತು. 2014ರ ಆರಂಭದಲ್ಲಿ ಬೆಂಗಳೂರಿನ ಬಯೋಕಾನ್ ತನ್ನ ಟ್ರಾಸ್ಟುಝುಮ್ಯಾಬನ್ನು ಮಾರುಕಟ್ಟೆಗೆ ತಂದಿತು. 2017ರ ಡಿಸೆಂಬರ್‌ನಲ್ಲಿ ಅಮೆರಿಕವೂ ಅದಕ್ಕೆ ಒಪ್ಪಿಗೆ ಕೊಟ್ಟಿತು. ಈ ಔಷಧದ ಬಯೋಸಿಮಿಲರ್‌ಗಳಲ್ಲಿ, ಅಂದರೆ ಮೂಲದ್ದಕ್ಕೆ ಸಮನಾಗಿ ಬೇರೆ ಕಂಪನಿಗಳು ತಯಾರಿಸುವ ಔಷಧಗಳಲ್ಲಿ, ಅಲ್ಲಿ ಒಪ್ಪಿಗೆ ಪಡೆದ ಮೊದಲನೆಯದು ಅದೇ.

ಇನ್ನು ತಪಾಸಣೆ. ಬೇಡಿಕೆ ಎಂದ ಕೂಡಲೇ ನಮ್ಮವರು ‘ತಾಲ್ಲೂಕಿಗೊಂದು ಮ್ಯಾಮೊಗ್ರಾಂ ಯಂತ್ರ’ ಎನ್ನುತ್ತಾರೆ. ಉದ್ಘಾಟನೆಗೆ ಅದು ಅನುಕೂಲವೂ ಹೌದು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಲ್ಲಿ ಶುರುಮಾಡಿದ ಅಧ್ಯಯನ ನೋಡಿ. ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶ: ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇ 30ರಷ್ಟು ಕಡಿಮೆ. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಮೂವತ್ತು ದಾಟಿದವರಿಗೆ ಈ ಕೈ ಪರೀಕ್ಷೆ ಮಾಡಬೇಕೆಂದು ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿಯೂ ಇದೆ.

ಆದರೆ ಗಂಟು ಸಿಕ್ಕ ಮೇಲೆ? ‘ನೋವಿಲ್ಲವಲ್ಲ, ದೀಪಾವಳಿ ಕಳೆಯಲಿ’ ಎಂದು ಮನೆಯಲ್ಲಿ ಸ್ವಲ್ಪ ದಿನ, ಬಯಾಪ್ಸಿಗೆ ಸ್ವಲ್ಪ ದಿನ, ರಿಪೋರ್ಟಿಗೆ ಮತ್ತಷ್ಟು, ದೊಡ್ಡಾಸ್ಪತ್ರೆಯ ಸರದಿಗೆ ಇನ್ನಷ್ಟು. ರೋಗಿ ಆಸ್ಪತ್ರೆಗೆ ಬಂದ 60 ದಿನಗಳೊಳಗೆ ರೋಗ ಯಾವುದೆಂದು ಖಚಿತವಾಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶುರುಮಾಡಿದ ಸ್ತನ ಕ್ಯಾನ್ಸರ್ ಕಾರ್ಯಕ್ರಮ. ನೀವು ಮನವಿಪತ್ರ ಬರೆಯುವುದಾದರೆ ಯಂತ್ರದ ಸುದ್ದಿ ಆಮೇಲೆ ಇರಲಿ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಗಂಟು ತೋರಿಸಿದ ದಿನದಿಂದ ಬಯಾಪ್ಸಿ ರಿಪೋರ್ಟ್ ಕೈಸೇರುವವರೆಗೆ ಎಷ್ಟು ದಿನ ಹಿಡಿಯುತ್ತಿದೆ ಎಂದು ಮೊದಲು ಲಿಖಿತವಾಗಿ ಕೇಳಿ.